ಲೀಲಾವತಮ್ಮನವರ ಹಸಿದ ಹೊಟ್ಟೆಯ ಸಕ್ಕರೆ

ಮಹಂತೇಶನಿಗೆ ಜೀವನದಲ್ಲಿ ಎರಡು ಸಲ ಕಾವಲು ಕೆಲಸ ಒಪ್ಪಿಸಿದ್ದರು. ಮೊದಲನೆಯದು ಗಜೇಂದ್ರಗಡದಲ್ಲಿ, ಅಣ್ಣನ ಮದುವೆಯ ದಿನ ಚಪ್ಪಲಿ ಕಾಯುವುದು. ಅಂದು ಅವನ ಚಪ್ಪಲಿಯೇ ಕಳುವಾಗಿತ್ತು. ಎರಡನೆಯದು ದೆಹಲಿಯ ಜನಕಪುರಿಯಲ್ಲಿ, ತಾನು ಬಾಡಿಗೆಗಿದ್ದ ಮನೆಯ ಮಾಲೀಕರ ಹೆಂಡತಿ ಸಕ್ಕರೆ ಕದ್ದು ತಿನ್ನದಂತೆ ಕಾಯುವುದು.

ಇಂಥ ಕೆಲಸಕ್ಕೆ ಬೇಕಾದ ಯಾವ ಗುಣವೂ ಅವನಲ್ಲಿರಲಿಲ್ಲ. ಮೂರನೆಯ ಪ್ರಯತ್ನಕ್ಕೆ ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಿ ಬಂದವನು. ಕಚೇರಿಯಲ್ಲಿ ಒಬ್ಬರ ಪರದೆಯಿಂದ ಬಂದ ಕಡತಕ್ಕೆ 'ಅವಗಾಹನೆಗಾಗಿ' ಎಂದು ಟೈಪಿಸಿ ಇನ್ನೊಬ್ಬರ ಪರದೆಗೆ ದಾಟಿಸುವುದು ಅವನ ಕಾಯಕ. ತಾನಿಲ್ಲದಿದ್ದರೂ ಆ ಕಡತಗಳು ಹೇಗೋ ದಾಟಿಕೊಳ್ಳುತ್ತವೆಂಬ ಗುಮಾನಿ ಅವನಿಗಿತ್ತು. ಅದಕ್ಕೇ ರಜೆ ಹಾಕಲು ಹೆದರುತ್ತಿದ್ದ.

ಮಾಲೀಕರಾದ ನಾರಾಯಣಸ್ವಾಮಿಯವರು ಲೆಕ್ಕ ತನಿಖೆ ಇಲಾಖೆಯಿಂದ ನಿವೃತ್ತರು. ದೇಶದ ಉಗ್ರಾಣಗಳನ್ನೆಲ್ಲ ಸುತ್ತಿ, ಇದ್ದ ಕಂಬಳಿ, ಬಲ್ಬು, ಬೋಲ್ಟುಗಳನ್ನು ಕಣ್ಣಾರೆ ಎಣಿಸಿ, ಇಲ್ಲದ್ದರ ಬಗ್ಗೆ ಪ್ರಶ್ನೆ ಹಾಕುತ್ತ ಆಯುಷ್ಯ ಕಳೆದವರು. ಅವರಿಗೆ ದೇವರಲ್ಲಿ ನಂಬಿಕೆಯಿತ್ತು, ಆದರೆ ನೈವೇದ್ಯ ಇಟ್ಟ ಮೇಲೂ ಬಾಳೆಹಣ್ಣು ಅಷ್ಟೇ ಇದೆಯೇ ಎಂದು ನೋಡಿಕೊಳ್ಳುತ್ತಿದ್ದರು.

ಅವರ ಹೆಂಡತಿ ಲೀಲಾವತಮ್ಮನವರು ನಂಜನಗೂಡಿನ ಕಡೆಯವರು. ಮದುವೆಯಾಗಿ ಬಂದಾಗ ತಂದ ಮರದ ಅಚ್ಚುಗಳು ಇನ್ನೂ ಅವರ ಬಳಿಯಿದ್ದವು. ಪ್ರತಿ ಸಂಕ್ರಾಂತಿಗೂ ಸಕ್ಕರೆ ಪಾಕ ಕಾಯಿಸಿ, ಅಚ್ಚಿಗೆ ಹೊಯ್ದು, ಗಿಳಿ, ಆನೆ, ತುಳಸಿಕಟ್ಟೆ ಮಾಡಿ, ಎಳ್ಳು-ಬೆಲ್ಲದ ಜೊತೆ ಪರಿಚಯದ ಕನ್ನಡದ ಮನೆಗಳಿಗೆಲ್ಲ ಹಂಚುವುದು ಅವರ ನೇಮ. ದ್ವಾರಕಾದಲ್ಲಿರುವ ಗೆಳತಿ ಚೋಂದಮ್ಮನವರಿಗೆ ಮಾತ್ರ ಗಿಳಿಗಳೇ ಬೇಕು. "ಕೊಡಗಿನವರಿಗೆ ಎಳ್ಳು-ಬೆಲ್ಲದ ಹಬ್ಬ ಇಲ್ಲ, ಆದ್ರೆ ತಿನ್ನೋಕೇನು ಬಾಯಿಲ್ವಾ?" ಎಂದು ಅವರೇ ಫೋನು ಮಾಡಿ ನೆನಪಿಸುತ್ತಿದ್ದರು.

ಆ ಮನೆಯ ತೊಂದರೆ ಶುರುವಾದದ್ದು ಸಕ್ಕರೆಯಿಂದಲ್ಲ, ಹೊಗೆಯಿಂದ. ಎರಡು ಚಳಿಗಾಲದ ಹಿಂದೆ ಲೀಲಾವತಮ್ಮನವರು, "ಎದುರು ಮನೆ ಮಸುಕಾಗಿ ಕಾಣುತ್ತೆ ಕಣ್ರೀ," ಎಂದಿದ್ದರು. ನಾರಾಯಣಸ್ವಾಮಿಯವರು ಪೇಪರಿನಿಂದ ತಲೆಯೆತ್ತದೆ, "ಡೆಲ್ಲೀಲಿ ಯಾರಿಗೆ ಕಾಣುತ್ತೆ? ಹೊಗೆ," ಎಂದಿದ್ದರು. ಮರುವರ್ಷವೂ ಹೊಗೆ ಎಂದರು. ಹೊಗೆಯೂ ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಬೇಸಿಗೆ ಬಂದು ಆಕಾಶ ನೀಲಿಯಾದ ಮೇಲೂ ಎದುರು ಮನೆ ಬಿಳಿಯ ಮೋಡದಲ್ಲೇ ಉಳಿದಾಗ ಕಣ್ಣಿನ ಆಸ್ಪತ್ರೆಗೆ ಹೋದರು. ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಬಲಿತು ಕಲ್ಲಾಗುತ್ತಿದೆ, ತಡಮಾಡಿದರೆ ಕಷ್ಟ ಎಂದರು ಅಲ್ಲಿನ ಡಾಕ್ಟರು. ಮಾತ್ರೆ ನುಂಗಿ ಹಿಡಿತದಲ್ಲಿಟ್ಟುಕೊಂಡಿದ್ದ ಸಕ್ಕರೆ ಕಾಯಿಲೆ, ಆಪರೇಷನ್ನಿನ ದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಇನ್ನೂರ ಮೂವತ್ತಕ್ಕೆ ಏರಿ ಕೂತಿತ್ತು. ಇಳಿಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದರು. ಮುಂದಿನ ತಾರೀಖಿಗೂ ಅದೇ ಕತೆ. ಸಂಕ್ರಾಂತಿ ಹತ್ತಿರ ಬರುವ ಹೊತ್ತಿಗೆ ಅವರಿಗೆ ಮುಖಗಳು ಹೋಗಿ ಬರೀ ದನಿಗಳು ಉಳಿದಿದ್ದವು.

ಆಗ ನಾರಾಯಣಸ್ವಾಮಿಯವರು ಮಹಂತೇಶನನ್ನು ವರಾಂಡಕ್ಕೆ ಕರೆದರು.

"ನೋಡಪ್ಪಾ, ರಾತ್ರಿ ಊಟ ಆದ್ಮೇಲೆ ಬೆಳಗ್ಗೆವರೆಗೂ ಏನೂ ತಿನ್ನಲ್ಲ ಅಂತಾಳೆ. ಬೆಳಗ್ಗೆ ಚುಚ್ಚಿ ನೋಡಿದ್ರೆ ರಾತ್ರಿಗಿಂತ ಜಾಸ್ತಿ ಸಕ್ಕರೆ. ಉಗ್ರಾಣಕ್ಕೆ ಬೀಗ ಹಾಕಿದೆ, ಯಾರೂ ಸರಕು ತಂದಿಲ್ಲ, ಬೆಳಗ್ಗೆ ತೆಗೆದ್ರೆ ಸ್ಟಾಕ್ ಜಾಸ್ತಿ. ಎಲ್ಲಾದ್ರೂ ಕೇಳಿದ್ದೀಯಾ?"

"ಜಾಸ್ತಿ ಬಂದ್ರ ಛಲೋ ಅಲ್ರಿ ಸರ್?"

"ಆಡಿಟ್‌ನಲ್ಲಿ ಕಡಿಮೆ ಬಂದ್ರೆ ಕಳ್ಳತನ. ಜಾಸ್ತಿ ಬಂದ್ರೆ ದೊಡ್ಡ ಕಳ್ಳತನ." ಅವರು ದನಿ ತಗ್ಗಿಸಿದರು. "ಅವಳು ಸಕ್ಕರೆ ಅಚ್ಚು ತಿಂತಿದ್ದಾಳೆ. ನಾನು ಸಂಜೆ ವಾಕಿಂಗ್ ಹೋದಾಗ ನೀನು ಅಡುಗೆಮನೇಲಿ ಕೂತ್ಕೋ. ಸುಮ್ನೆ ಮಾತಾಡೋ ಥರ."

ಬೇಡ ಎನ್ನಬೇಕಿತ್ತು. ಆದರೆ ಲೀಲಾವತಮ್ಮನವರ ಅಡುಗೆಮನೆ ಎಂದರೆ ಸಂಜೆಯ ಒಗ್ಗರಣೆ ಅವಲಕ್ಕಿ. ಕರೋಲ್ ಬಾಗಿನ ಹೋಟೆಲಿನಲ್ಲಿ ಕೆಂಪು ಚಟ್ನಿ ಹಚ್ಚಿದ ಏನನ್ನೋ 'ಮೈಸೂರು ದೋಸೆ' ಎಂದು ತಿಂದು ಹೊಟ್ಟೆ ಕೆಡಿಸಿಕೊಂಡ ಮೇಲೆ ಮಹಂತೇಶನ ನೀತಿ-ನಿಯಮಗಳು ಬಹಳ ಮೆತ್ತಗಾಗಿದ್ದವು. ಒಪ್ಪಿಕೊಂಡ.

ಸಂಜೆ ಕಚೇರಿಯಿಂದ ಮೆಟ್ರೋ ಇಳಿದು ಬಂದವನೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದ. ಲೀಲಾವತಮ್ಮನವರು ಅಚ್ಚಿನ ಎರಡು ಹೋಳುಗಳನ್ನು ನೀರಿನಿಂದ ತೆಗೆದು, ಜೋಡಿಸಿ, ದಾರ ಸುತ್ತಿ, ಬೆರಳಿನಿಂದಲೇ ಬಾಯಿ ಹುಡುಕಿ ಪಾಕ ಹೊಯ್ಯುತ್ತಿದ್ದರು. ಕಣ್ಣಿನ ಕೆಲಸವನ್ನೆಲ್ಲ ಕೈಗಳೇ ವಹಿಸಿಕೊಂಡಿದ್ದವು. ಅವರು ಒಂದು ಚೂರನ್ನೂ ಬಾಯಿಗೆ ಹಾಕಿದ್ದನ್ನು ಅವನು ನೋಡಲಿಲ್ಲ. ಪಾಕದ ಹದವನ್ನು ಕೂಡ ಬೆರಳಲ್ಲಿ ಎಳೆ ತೆಗೆದು ನೋಡಿ, ಬೆರಳನ್ನು ನಲ್ಲಿಗೆ ಒಡ್ಡುತ್ತಿದ್ದರು.

ತಿಂದವನು ಮಹಂತೇಶ. ಮೊದಲ ದಿನ ಒಂದು ಗಿಳಿ, ಕೆಲಸದ ಭಾಗವೆಂಬಂತೆ. ಆಮೇಲೆ ಅಭ್ಯಾಸವಾಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಎಂದು ಅವನಿಗೆ ಗೊತ್ತಿತ್ತು. ಬೇಲಿಗೂ ಹಸಿವಾಗುತ್ತದೆ ಎಂದು ಸಮಾಧಾನ ಮಾಡಿಕೊಂಡ.

ನಾರಾಯಣಸ್ವಾಮಿಯವರ ತಪಾಸಣೆಯಲ್ಲಿ ಗಿಳಿಗಳು ಕಡಿಮೆ ಬಂದವು. ಅದಕ್ಕಿಂತ ಗಂಭೀರವಾದದ್ದು ಆನೆಗಳ ವಿಷಯ. ಡಬ್ಬದಲ್ಲಿದ್ದ ಯಾವ ಆನೆಗೂ ಸೊಂಡಿಲಿರಲಿಲ್ಲ.

"ನೋಡಿದ್ಯಾ?" ಎಂದು ಮಹಂತೇಶನಿಗೆ ಒಂದು ಆನೆ ತೋರಿಸಿದರು. "ಪೂರ್ತಿ ತಿಂದ್ರೆ ಲೆಕ್ಕದಲ್ಲಿ ಗೊತ್ತಾಗುತ್ತೆ ಅಂತ ಸೊಂಡಿಲು ಮಾತ್ರ ಕಡಿದಿದ್ದಾಳೆ. ಸರ್ವೀಸಿನಲ್ಲಿ ಇಂಥ ಬುದ್ಧಿವಂತಿಕೆ ನೋಡಿಲ್ಲ ನಾನು."

ಮಹಂತೇಶ ಆನೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಗಿಳಿಗಳ ಪಾಪ ತನ್ನದು, ಸರಿ. ಆನೆಗಳನ್ನು ಅವನು ಮುಟ್ಟಿರಲಿಲ್ಲ. ಹಾಗಾದರೆ ಸೊಂಡಿಲು ತಿಂದವರು ಯಾರು? ಅಮ್ಮನೇ ತಿಂದಿರಬಹುದೇ? ತನ್ನ ಕಣ್ತಪ್ಪಿಸಿ? ಕಾವಲು ಕೂತವನಿಗೆ ಕಳ್ಳರು ಇಬ್ಬರಿದ್ದಾರೆಂಬ ಅನುಮಾನ ಬಂದರೆ, ಅದರಲ್ಲೊಬ್ಬ ತಾನೇ ಆಗಿದ್ದರೆ, ಅವನು ಯಾರಿಗೆ ವರದಿ ಮಾಡಬೇಕು?

ಡಬ್ಬಕ್ಕೆ ಬೀಗ ಬಿತ್ತು. ಬೀಗದ ಕೈ ನಾರಾಯಣಸ್ವಾಮಿಯವರ ಜನಿವಾರಕ್ಕೆ ಹೋಯಿತು. ಬೆಳಗಿನ ಸಕ್ಕರೆ ಮಾತ್ರ ಇಳಿಯಲಿಲ್ಲ, ಏರಿತು.

ಒಂದು ಬೆಳಿಗ್ಗೆ ಸಾಕ್ಷಿಗೆಂದು ಮಹಂತೇಶನನ್ನೂ ಕರೆದರು. ಲೀಲಾವತಮ್ಮನವರು ರಜಾಯಿ ಹೊದ್ದು ಮಂಚದ ಮೇಲೆ ಕೂತಿದ್ದರು. ಸಕ್ಕರೆ ಅಳೆಯುವ ಮೀಟರು ಹಿಡಿದ ಗಂಡನ ಹೆಜ್ಜೆ ಸಪ್ಪಳ ಬಾಗಿಲಲ್ಲಿ ಕೇಳಿದ್ದೇ ಅವರ ಭುಜಗಳು ಕಿವಿಯವರೆಗೆ ಬಂದವು. ಕೈ ಚಾಚಿದರು.

"ರಾತ್ರಿ ಏನು ತಿಂದೆ?"

"ನೀವೇ ಬಡಿಸಿದ್ರಲ್ಲ."

"ಆಮೇಲೆ?"

"ನೀರು."

ಸೂಜಿ ಚುಚ್ಚಿದರು. ಮೀಟರು ಇನ್ನೂರ ನಲವತ್ತೆಂದಿತು. ನಾರಾಯಣಸ್ವಾಮಿಯವರು ಬೈಯಲಿಲ್ಲ. ಮೂಗಿನಿಂದ ಒಂದು ಉಸಿರು ಬಿಟ್ಟರು, ಅಷ್ಟೇ. ಆ ಉಸಿರಿಗೆ ಎಷ್ಟು ಸ್ಟೋರ್‌ಕೀಪರುಗಳು ನೌಕರಿ ಬದಲಿಸಿರಬಹುದೆಂದು ಮಹಂತೇಶನಿಗೆ ಅಂದು ಅರ್ಥವಾಯಿತು. ಯಾರೂ ಚುಚ್ಚದಿದ್ದರೂ ಅವನು ತನ್ನ ಬೆರಳುಗಳನ್ನು ಮುಷ್ಟಿಯೊಳಗೆ ಸೇರಿಸಿಕೊಂಡ.

ಅಂದು ಸಂಜೆ ಲೀಲಾವತಮ್ಮನವರು ಒಲೆ ಆರಿಸಿ ಅವನಿದ್ದ ಕಡೆಗೆ ತಿರುಗಿದರು.

"ಮಹಂತೇಶ, ಒಂದು ಕೇಳ್ತೀನಿ, ನಗಬಾರದು. ನಾನು ನಿದ್ದೆಯಲ್ಲಿ ಎದ್ದು ತಿಂತೀನೇನಪ್ಪಾ?"

"ಇಲ್ರಿ ಅಮ್ಮಾ..."

"ತಿಂತಿರಬಹುದು. ಅವರು ಸುಳ್ಳು ಹೇಳೋರಲ್ಲ, ಮೀಟರ್ ಸುಳ್ಳು ಹೇಳಲ್ಲ. ಗಿಳಿ ಕಡಿಮೆ ಆಗಿರೋದೂ ನಿಜ. ಹಾಗಾದ್ರೆ ನಾನೇ ಅಲ್ವಾ? ಬೆಳಗ್ಗೆ ಎದ್ದು ನಾಲಿಗೇಲಿ ಸಿಹಿ ಇದೆಯಾ ಅಂತ ನೋಡ್ಕೋತೀನಿ. ಇದೆ ಅಂತಾನೇ ಅನ್ಸುತ್ತೆ ಈಗೀಗ." ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. "ಕಣ್ಣು ಹೋದ್ರೂ ಹೋಗ್ಲಿ. ತಲೆ ಕೆಟ್ಟಿದ್ಯೋ ಏನೋ ಅಂತ ಭಯ."

ಮಹಂತೇಶನ ಬಾಯಲ್ಲಿ ಆಗ ಅರ್ಧ ಗಿಳಿಯಿತ್ತು. ಬೀಗ ಬೀಳುವ ಮೊದಲೇ ಜೇಬಿಗಿಳಿಸಿದ್ದ ದಾಸ್ತಾನು ಅದು. ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಹಾಗೇ ಎದ್ದು, ವಾಕಿಂಗ್ ಮುಗಿಸಿ ಮಫ್ಲರ್ ಬಿಚ್ಚುತ್ತಿದ್ದ ನಾರಾಯಣಸ್ವಾಮಿಯವರ ಮುಂದೆ ನಿಂತ.

"ಸರ್, ಗಿಳಿ ತಿಂದಿದ್ದು ನಾನ್ರಿ."

ಅವರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಆನೆ?"

"ಆನಿ ನಾ ಮುಟ್ಟಿಲ್ರಿ."

"ಅಂದ್ರೆ ಪೂರ್ತಿ ತಪ್ಪೊಪ್ಪಿಗೆ ಅಲ್ಲ." ಕುರ್ಚಿಯಲ್ಲಿ ಕೂತರು. "ಅವಲಕ್ಕಿ ಋಣಕ್ಕೆ ತಪ್ಪು ನಿನ್ನ ತಲೆ ಮೇಲೆ ಹಾಕ್ಕೊಳ್ತಿದ್ದೀಯ. ಇದಕ್ಕೆ ಶಾಮೀಲು ಅಂತಾರೆ. ಇನ್ನೊಂದು ಮಾತು. ನೀನು ಗಿಳಿ ತಿಂದ್ರೆ ಅವಳ ಸಕ್ಕರೆ ಯಾಕೆ ಏರುತ್ತೆ?"

ಮಹಂತೇಶ ಬಾಯಲ್ಲಿದ್ದ ಅರ್ಧ ಗಿಳಿಯನ್ನು ನುಂಗಿದ. ಜೀವನದಲ್ಲಿ ಮೊದಲ ಸಲ ಧೈರ್ಯ ಮಾಡಿ ಸತ್ಯ ಹೇಳಿದ್ದ. ಅದರಿಂದ ಆರೋಪಿಗಳು ಒಬ್ಬರಿದ್ದದ್ದು ಇಬ್ಬರಾದರು.

ಮರುದಿನ ಮೂವರೂ ಡಾಕ್ಟರ್ ಧಾರಿಣಿಯವರ ಬಳಿ ಹೋದರು. ಪಕ್ಕದ ಬ್ಲಾಕಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಕನ್ನಡದ ಹೆಣ್ಣುಮಗಳು. ತಂದೆ ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದವರು. ಹಾಗಾಗಿ ನಾರಾಯಣಸ್ವಾಮಿಯವರ ಭಾಷೆ ಆಕೆಗೆ ಬರುತ್ತಿತ್ತು.

"ತಿನ್ನದೆ ಸಕ್ಕರೆ ಎಲ್ಲಿಂದ ಬರುತ್ತೆ ಹೇಳಮ್ಮ," ಎಂದರು ನಾರಾಯಣಸ್ವಾಮಿಯವರು. ಆಕೆ ಏನೆನ್ನುವಳೋ ಎಂದು ಲೀಲಾವತಮ್ಮನವರು ಕುರ್ಚಿಯ ಅಂಚಿಗೆ ಬಂದಿದ್ದರು.

"ಲಿವರಿನಿಂದ, ಅಂಕಲ್. ಅದೊಂದು ಗೋಡೌನ್. ಊಟ ಮಾಡಿದಾಗ ಸಕ್ಕರೆ ಒಳಗಿಡುತ್ತೆ. ರಾತ್ರಿ ನಾವು ಉಪವಾಸ ಇರ್ತೀವಲ್ಲ, ಆಗ ಸ್ವಲ್ಪ ಸ್ವಲ್ಪ ಹೊರಗೆ ಬಿಡುತ್ತೆ. ಇಲ್ಲದಿದ್ರೆ ಮಲಗಿದವರು ಏಳೋದೇ ಇಲ್ಲ."

"ಯಾರ ಆರ್ಡರ್ ಮೇಲೆ ಬಿಡುತ್ತೆ?"

"ಆರ್ಡರ್ ಕೊಡೋರು ಸುಮಾರು ಜನ. ಅದರಲ್ಲಿ ಮೆದುಳೂ ಒಂದು. ಅದಕ್ಕೆ ಎರಡು ದಾರಿ. ಒಂದು ನರದ ಮೂಲಕ, ಫೋನ್ ಮಾಡಿದ ಹಾಗೆ, ತಕ್ಷಣ. ಇನ್ನೊಂದು ರಕ್ತದ ಮೂಲಕ. ಅಡ್ರಿನಲಿನ್, ಕಾರ್ಟಿಸಾಲ್ ಅಂತ ರಾಸಾಯನಿಕಗಳು ಹೋಗ್ತವೆ. ಕಾರ್ಟಿಸಾಲ್ ಅಂತೂ ಸರ್ಕ್ಯುಲರ್ ಥರ. ನಿಧಾನ, ಆದ್ರೆ ಒಂದು ಸಲ ಹೊರಡ್ತು ಅಂದ್ರೆ ಎಲ್ಲಾ ಸೆಕ್ಷನ್ನಿಗೂ ತಲುಪುತ್ತೆ, ವಾಪಸ್ ತಗೊಳ್ಳೋದು ಕಷ್ಟ."

ನಾರಾಯಣಸ್ವಾಮಿಯವರು ತಲೆದೂಗಿದರು. ಸರ್ಕ್ಯುಲರ್ ಎಂದರೆ ಏನೆಂದು ಅವರಿಗೆ ಗೊತ್ತಿತ್ತು.

"ಹೆದರಿಕೆ, ಚಿಂತೆ ಆದಾಗ ಈ ಆರ್ಡರ್ ಜೋರಾಗುತ್ತೆ. ಹುಲಿ ಬಂತು, ಓಡಬೇಕು, ಗೋಡೌನ್ ತೆಗೀರಿ ಅನ್ನುತ್ತೆ ಮೆದುಳು."

"ಜನಕಪುರಿಲಿ ಹುಲಿ ಎಲ್ಲಿದೆ?"

ಲೀಲಾವತಮ್ಮನವರು ಗಂಡನ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿದರು. ಮಹಂತೇಶ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಆಂಟಿ ಓಡಲ್ಲ, ಹಾಸಿಗೇಲೇ ಕೂತಿರ್ತಾರೆ," ಧಾರಿಣಿ ಮುಂದುವರಿಸಿದರು. "ಬಿಡುಗಡೆ ಆದ ಸಕ್ಕರೆ ಖರ್ಚಾಗಲ್ಲ."

"ಮಂಜೂರಾಗಿ ಖರ್ಚಾಗದೆ ಇದ್ರೆ ವಾಪಸ್ ಹೋಗಬೇಕಲ್ಲ?"

"ವಾಪಸ್ ಕಳಿಸೋನು ಇನ್ಸುಲಿನ್. ಇವರ ಕಾಯಿಲೇಲಿ ಅವನ ಮಾತು ನಡೆಯಲ್ಲ."

"ಹಾಗಾದ್ರೆ ಇದೇ ಕಾರಣ ಅಂತ ಬರ್ಕೊಡು."

"ಅದಾಗಲ್ಲ ಅಂಕಲ್. ಬೆಳಗಿನ ಜಾವ ಎಷ್ಟೋ ಜನಕ್ಕೆ ತಾನಾಗೇ ಏರುತ್ತೆ. ಚಳಿ ಇದೆ, ಆಂಟಿ ಕಣ್ಣು ಕಾಣದೆ ನಡೆದಾಡೋದು ಬಿಟ್ಟಿದ್ದಾರೆ, ಹಳೇ ಮಾತ್ರೆ ಸಾಲ್ತಿಲ್ಲ. ಯಾವುದು ಎಷ್ಟು ಪಾಲು ಅಂತ ನಾನು ಹೇಳಲಾರೆ. ಮಾತ್ರೆ ಬದಲಾಯಿಸ್ತೀನಿ. ಮನಸ್ಸಿಗೆ ನೆಮ್ಮದಿ ನೀವು ನೋಡ್ಕೊಳ್ಳಿ."

ಹೊರಗೆ ಬಂದಾಗ ನಾರಾಯಣಸ್ವಾಮಿಯವರ ಮುಖ ನೋಡಬೇಕಿತ್ತು. ಕಳ್ಳತನವಾಗಿದೆ, ಕಳ್ಳ ಯಕೃತ್ತು, ಕುಮ್ಮಕ್ಕು ಮೆದುಳಿನದು, ಎರಡೂ ಹೆಂಡತಿಯ ಒಳಗೇ ಇವೆ, ಆದರೆ ಹೆಂಡತಿ ನಿರ್ದೋಷಿ. ಇಂಥ ಪ್ರಕರಣ ಅವರ ಕೈಪಿಡಿಯಲ್ಲೇ ಇರಲಿಲ್ಲ. ಲೀಲಾವತಮ್ಮನವರಿಗೂ ಗೊಂದಲವೇ. "ಅಂದ್ರೆ ನಾನು ತಿಂದಿಲ್ಲ, ಆದ್ರೆ ನಾನೇ ಕೊಟ್ಕೊಂಡಿದ್ದೀನಿ?" ಎಂದು ರಿಕ್ಷಾದಲ್ಲಿ ಮಹಂತೇಶನನ್ನು ಕೇಳಿದರು. ಅವನು ಹೌದ್ರಿ ಎಂದ. ಆಮೇಲೆ ಇಲ್ರಿ ಎಂದ.

ವಿಷಯ ತಿಳಿದ ಚೋಂದಮ್ಮನವರು ಫೋನಿನಲ್ಲೇ ತೀರ್ಪು ಕೊಟ್ಟರು. "ಲೀಲಾ, ಆಪರೇಷನ್ ತನಕ ನಮ್ಮನೇಲಿರು. ನಿನ್ನ ಗಂಡನಿಗೆ ಸ್ವಲ್ಪ ರಜೆ ಕೊಡು. ಪಾಪ, ರಿಟೈರ್ ಆದ್ರೂ ಬಿಡುವಿಲ್ಲ ಅವರಿಗೆ."

ಮಹಂತೇಶ ಅವರನ್ನು ದ್ವಾರಕಾದ ಸೊಸೈಟಿಗೆ ಬಿಟ್ಟುಬಂದ. ಅಲ್ಲಿ ಚೋಂದಮ್ಮನವರ ಗಂಡ ಬಿದ್ದಪ್ಪನವರು, ನಿವೃತ್ತ ಸುಬೇದಾರ್ ಮೇಜರ್, ತಮಗೂ ಸಕ್ಕರೆ ಇದ್ದದ್ದರಿಂದ ಮೀಟರು ಇಟ್ಟುಕೊಂಡಿದ್ದರು. ಬೆಳಿಗ್ಗೆ ತಮ್ಮ ಬೆರಳು ಚುಚ್ಚಿ, "ಚಲೋ, ನೆಕ್ಸ್ಟ್," ಎಂದು ಲೀಲಾವತಮ್ಮನವರದ್ದೂ ಚುಚ್ಚಿ, ಕಾಫಿಗೆ ಕೂಗುವುದು ಅವರ ಪದ್ಧತಿ. ಅಂಕಿಗಳು ಇಳಿಯತೊಡಗಿದವು.

ನಾರಾಯಣಸ್ವಾಮಿಯವರು ನಂಬಲಿಲ್ಲ. "ಮೀಟರ್ ಹಾಳಾಗಿರಬೇಕು," ಎಂದರು. ಭಾನುವಾರ ಮಂಜು ಹರಿಯುವ ಮೊದಲೇ ತಮ್ಮ ಮೀಟರನ್ನು ಸ್ವೆಟರಿನೊಳಗೆ ಬೆಚ್ಚಗಿಟ್ಟುಕೊಂಡು, ಸಾಕ್ಷಿಗೆ ಮಹಂತೇಶನನ್ನು ಎಳೆದುಕೊಂಡು ದ್ವಾರಕಾಕ್ಕೆ ಹೊರಟರು. ಗೇಟಿನ ಕಾವಲುಗಾರ ಇಂಟರ್‌ಕಾಮಿನಲ್ಲಿ, "ನಾರಾಯಣಸ್ವಾಮಿಜೀ ಆಯೇ ಹೈಂ," ಎಂದು ಅವರು ಬಂದ ಸುದ್ದಿ ಮುಟ್ಟಿಸಿದ.

ಬಾಗಿಲು ತೆರೆದ ಬಿದ್ದಪ್ಪನವರ ಕೈಯಲ್ಲಿ ಇನ್ನೂ ಮೀಟರು ಇತ್ತು. ಲೀಲಾವತಮ್ಮನವರದ್ದು ನೂರ ಐವತ್ತೆಂಟು. "ಈಗ ತಾನೇ ನೋಡಿದ್ದು, ಸ್ವಾಮಿ. ಗಾರ್ಡ್ ಫೋನ್ ಮಾಡೋದಕ್ಕೆ ಮುಂಚೆ."

ಲೀಲಾವತಮ್ಮನವರು ಸೋಫಾದ ಮೇಲಿದ್ದರು. ಭುಜಗಳು ಆಗಲೇ ಕಿವಿಯ ಬಳಿ ಸೇರಿದ್ದವು. ನಾರಾಯಣಸ್ವಾಮಿಯವರು ಎದುರಿಗೆ ಕೂತು, ನೀರು ಕುಡಿದು, ಕೈ ಒರೆಸಿಕೊಂಡು, ತಮ್ಮ ಮೀಟರಿಗೆ ಪಟ್ಟಿ ಸಿಕ್ಕಿಸಿ, ನಿಧಾನವಾಗಿ ಚುಚ್ಚಿದರು. ನೂರ ಎಂಬತ್ತೇಳು. ಹಾಳಾದದ್ದು ಯಾವುದೆಂದು ತಿಳಿಯಲು ಅದೇ ಹನಿಯನ್ನು ಬಿದ್ದಪ್ಪನವರ ಮೀಟರಿಗೂ ಮುಟ್ಟಿಸಿದರು. ಅದು ನೂರ ತೊಂಬತ್ತೆಂದಿತು.

ಎರಡು ಸಲ ಚುಚ್ಚಿದ್ದರ ನಡುವೆ ಲೀಲಾವತಮ್ಮನವರು ನೀರನ್ನೂ ಮುಟ್ಟಿರಲಿಲ್ಲ ಎಂದು ಚೋಂದಮ್ಮ ಹೇಳಿದರು.

"ಫೌಜ್‌ನಲ್ಲಿ ನೋಡಿದ್ದೀನಿ," ಬಿದ್ದಪ್ಪನವರು ಚಹಾ ಮುಂದಿಡುತ್ತ ಹೇಳಿದರು. "ಕರ್ನಲ್ ಸಾಹೇಬರ ಇನ್‌ಸ್ಪೆಕ್ಷನ್ ಅಂದ್ರೆ ಕಲ್ಲಿನಂಥ ಜವಾನರಿಗೂ ಬಿಪಿ ಏರ್ತಿತ್ತು. ಬಂದೂಕು ಫಳಫಳ ಅಂತಿದ್ರೂ ಏರ್ತಿತ್ತು."

ನಾರಾಯಣಸ್ವಾಮಿಯವರು ಎರಡೂ ಮೀಟರುಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದರು. "ಹೊಗೆ ಅಂತ ನಾನೇ ಹೇಳಿದ್ದು," ಎಂದರು ಕೊನೆಗೆ, ಯಾರಿಗೋ ಎಂಬಂತೆ. "ಅವಳು ಹೇಳ್ದಾಗ ತಿರುಗಿ ನೋಡಿದ್ರೆ ಆಗ್ತಿತ್ತು. ಇವಳ ಕಣ್ಣು ಹೋದ್ರೆ ಅದು ನನ್ನ ಲೆಕ್ಕಕ್ಕೆ. ಅದಕ್ಕೇ ಬಿಗಿ ಮಾಡಿದೆ."

ಲೀಲಾವತಮ್ಮನವರ ಭುಜಗಳು ಸ್ವಲ್ಪ ಇಳಿದವು. "ಅದನ್ನ ಬಾಯಿಬಿಟ್ಟು ಹೇಳೋಕೆ ನನ್ನ ಬೆರಳೆಲ್ಲ ಜರಡಿ ಮಾಡಬೇಕಿತ್ತೇನ್ರೀ?"

ಅವರು ಜನಿವಾರದಿಂದ ಬೀಗದ ಕೈ ಬಿಚ್ಚಿ ಹೆಂಡತಿಯ ಅಂಗೈಯಲ್ಲಿಟ್ಟರು. ಮೀಟರನ್ನು ಬಿದ್ದಪ್ಪನವರಿಗೆ ಕೊಟ್ಟರು. ಅಷ್ಟಕ್ಕೆ ಸಕ್ಕರೆ ಎಷ್ಟು ಇಳಿಯಿತೆಂದು ನೋಡುವ ಆಸೆ ಮಹಂತೇಶನಿಗಿತ್ತು. ಬದಲಿಗೆ ಚಹಾ ಲೋಟ ಎತ್ತಿಕೊಂಡ.

ಆಪರೇಷನ್ನಿನ ದಿನ ನಾರಾಯಣಸ್ವಾಮಿಯವರು ಆಸ್ಪತ್ರೆಯ ಒಳಗೆ ಬರಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಕೂತು, ಒಳಗಿದ್ದ ಮಹಂತೇಶನಿಗೆ ಫೋನು ಮಾಡುತ್ತಿದ್ದರು.

"ಚುಚ್ಚಿದ್ರಾ?"

"ಇನ್ನೂ ಇಲ್ರಿ ಸರ್."

"ನಾನು ಇಲ್ಲೇ ಇದ್ದೀನಿ ಅಂತ ಅವಳಿಗೆ ಗೊತ್ತಾ? ಇನ್ನೂ ಸ್ವಲ್ಪ ದೂರ ಹೋಗ್ಲಾ? ಮೆಟ್ರೋ ಸ್ಟೇಷನ್ ತನಕ?"

"ಅಲ್ಲೇ ಇರ್ರಿ. 'ಅವರು ಚಹಾಕ್ಕೆ ಸಕ್ಕರೆ ಹಾಕಿಸ್ಕೊಂಡ್ರಾ ಕೇಳು' ಅನ್ನಾಕತ್ತಾರ ಅಮ್ಮ."

ನೂರ ನಲವತ್ತಾರು ಬಂತು. ಇಳಿಸಿದ್ದು ಹೊಸ ಮಾತ್ರೆಯೋ, ದ್ವಾರಕಾದ ಕಾಫಿಯೋ, ಚಹಾದಂಗಡಿಯ ದೂರವೋ, ಧಾರಿಣಿಯವರನ್ನು ಕೇಳಿದರೆ ಎಲ್ಲವೂ ಇರಬಹುದು ಎಂದರು. ಕಣ್ಣಿನ ಡಾಕ್ಟರಿಗೆ ಅದೆಲ್ಲ ಬೇಕಿರಲಿಲ್ಲ. ಬಲಗಣ್ಣಿನ ಪೊರೆ ತೆಗೆದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದಾಗ ಲೀಲಾವತಮ್ಮನವರು, ಮನೆಗೆ ಹೋಗಿ ನಮ್ಮ ವರಾಂಡದಿಂದ ನೋಡಿದ ಮೇಲೇ ಹೇಳುತ್ತೇನೆ ಎಂದು ಕಣ್ಣು ಮುಚ್ಚಿಕೊಂಡೇ ಕಾರು ಹತ್ತಿದ್ದರು. ವರಾಂಡದಲ್ಲಿ ಕಪ್ಪು ಕನ್ನಡಕ ತೆಗೆದು ಎದುರು ನೋಡಿದರು. ಬಹಳ ಹೊತ್ತು ನೋಡಿದರು.

"ಏನೂ ಬದಲಾಗಿಲ್ಲವಲ್ರೀ. ಎದುರು ಮನೆ ಇಲ್ವೇ ಇಲ್ಲ."

ನಾರಾಯಣಸ್ವಾಮಿಯವರು ಕಂಬಕ್ಕೆ ಒರಗಿದರು. ಮಹಂತೇಶ ಅವಸರವಾಗಿ ಮೊಬೈಲು ತೆಗೆದು ಹವಾಮಾನ ನೋಡಿದ. ಎದುರು ಮನೆ ಅವನಿಗೂ ಕಾಣುತ್ತಿರಲಿಲ್ಲ. "ಅಮ್ಮಾ, ಇದು ನಿಮ್ಮದಲ್ರಿ. ಡೆಲ್ಲೀದು. ಇವತ್ತ ಭಾಳ ಮಂಜು."

"ಈ ಸಲ ಖಂಡಿತಾ ಹೊಗೆ," ಎಂದರು ನಾರಾಯಣಸ್ವಾಮಿಯವರು ಸಣ್ಣ ದನಿಯಲ್ಲಿ.

ಲೀಲಾವತಮ್ಮನವರು ನಂಬದೆ ಅಡುಗೆಮನೆಗೆ ನಡೆದು, ತೊಳೆದಿಟ್ಟಿದ್ದ ಅಚ್ಚುಗಳಲ್ಲಿ ಒಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಉಗುರಿನಿಂದ ಕೆರೆದರು. ಆಮೇಲೆ ನಗತೊಡಗಿದರು. ಆನೆಯ ಅಚ್ಚಿನಲ್ಲಿ ಸೊಂಡಿಲಿನ ಗೀರು ಹಳೆಯ ಪಾಕವೂ ಜಿಡ್ಡೂ ಕಟ್ಟಿ ಪೂರ್ತಿ ಮುಚ್ಚಿಹೋಗಿತ್ತು. ಈ ವರ್ಷ ಅದರೊಳಗಿಂದ ಸೊಂಡಿಲಿರುವ ಆನೆ ಒಂದೂ ಹುಟ್ಟಿರಲೇ ಇಲ್ಲ. ನಾರಾಯಣಸ್ವಾಮಿಯವರು ಡಬ್ಬವನ್ನು ಎಷ್ಟೋ ಸಲ ತಪಾಸಣೆ ಮಾಡಿದ್ದರು. ಅಚ್ಚನ್ನು ತಿರುಗಿಸಿ ನೋಡಿರಲಿಲ್ಲ. ಈಗ ಅದನ್ನು ಕೈಗೆ ತೆಗೆದುಕೊಂಡು ನೋಡಿ, ಮೂಗಿನಿಂದ ಉಸಿರು ಬಿಡಲು ಹೋಗಿ ತಡೆದುಕೊಂಡರು. ನಲ್ಲಿ ತಿರುಗಿಸಿ, ಕಡ್ಡಿಯೊಂದನ್ನು ಹುಡುಕಿ, ಸೊಂಡಿಲನ್ನು ಕೆತ್ತಿ ಬಿಡಿಸುತ್ತ ನಿಂತರು.

ಲೀಲಾವತಮ್ಮನವರು ಡಬ್ಬದ ಬೀಗ ತೆಗೆದು, ಎಳ್ಳು-ಬೆಲ್ಲದ ಜೊತೆ ಒಂದು ಗಿಳಿ ತೆಗೆದು ಮಹಂತೇಶನ ಮುಂದೆ ಹಿಡಿದರು. ಹಿಡಿದವರು ಹಾಗೇ ಅವನ ಮುಖ ನೋಡುತ್ತ ನಿಂತುಬಿಟ್ಟರು.

"ಮೀಸೆ ಬಿಟ್ಟಿದ್ದೀಯಾ? ಯಾವಾಗಿಂದ?"

ಅವನು ಮೀಸೆ ಹೊತ್ತುಕೊಂಡೇ ಆ ಮನೆಗೆ ಬಂದಿದ್ದ.

"ಚೆನ್ನಾಗಿಲ್ಲ," ಎಂದರು ಅವರು. "ತಿನ್ನು."